ಎಂಜಲು ಕಡೆ

ಅಕ್ಕ ನಕ್ಕದ್ದು ಅವನಿಗೆ ಕೇಳಿಸಲಿಲ್ಲ. ಗಾಜಿನಾಚೆ ಅವಳ ಹೆಗಲು ಕುಣಿದದ್ದು, ಕೈಗವಸಿನ ಹಿಂಬದಿಯಿಂದ ಅವಳು ಬಾಯಿ ಮುಚ್ಚಿಕೊಂಡದ್ದು, ಪಕ್ಕದಲ್ಲಿದ್ದ ತೂಕದವನು ಏನೂ ಅರಿಯದವನಂತೆ ತಕ್ಕಡಿಯ ಮುಳ್ಳನ್ನೇ ನೋಡುತ್ತ ನಿಂತದ್ದು ಕಂಡಿತು, ಅಷ್ಟೆ. ನಗಿಸಿ ತಾನು ನಗದೆ ನಿಲ್ಲುವವನಿಗಿಂತ ಸೊಕ್ಕಿನವನು ಇನ್ನೊಬ್ಬನಿಲ್ಲ ಎಂದುಕೊಂಡ. ಆಗ ಅವನ ಬಲಗೈ ಮೊಣಕೈಯವರೆಗೆ ಒಂದು ಕೆಂಪು ಚೀಲದೊಳಗಿತ್ತು. ಯಾವ ದೇಶದಿಂದಲೋ ಹೊರಟು, ಆಕಾಶದಲ್ಲೇ ಉಂಡು ಮಲಗಿ ಎದ್ದು, ಇಳಿದು ಹೋದವರು ಬಿಟ್ಟದ್ದೆಲ್ಲ ಅದರಲ್ಲಿತ್ತು: ಅರ್ಧ ಕಚ್ಚಿದ ಕೋಳಿ ತುಂಡು, ಎಣ್ಣೆಯಲ್ಲಿ ನೆಂದ ಕಾಗದದ ಕರವಸ್ತ್ರ, ಲಿಪ್‌ಸ್ಟಿಕ್ಕಿನ ಗುರುತು ಉಳಿದ ಲೋಟ, ಯಾವುದೋ ಮಗು ಚಮಚದಿಂದ ಕಣ್ಣು ಮೂಗು ಕೊರೆದ ಬ್ರೆಡ್ಡು. ಎಲ್ಲವೂ ಕಸ ಸುಡುವ ಕುಲುಮೆಗೆ. ಕುಲುಮೆಗೆ ಹೋಗಬಾರದ ಬ್ಯಾಟರಿ, ಲೈಟರು, ಗಾಜಿನ ಬಾಟಲಿಗಳನ್ನು ಕೈ ಹಾಕಿ ಹೆಕ್ಕಿ ತೆಗೆಯುವುದು ಅವನ ಕೆಲಸ. ಕೈ ತನ್ನಷ್ಟಕ್ಕೆ ಹೆಕ್ಕುತ್ತಿತ್ತು. ಕಣ್ಣು ಗಾಜಿಗೆ ಅಂಟಿತ್ತು. ಏನು ಹೇಳಿದ್ದಿರಬಹುದು ಆ ಬಡ್ಡಿಮಗ? ಹೊಟ್ಟೆ ಹಿಡಿದುಕೊಂಡು ನಗುವಂಥದ್ದು ಈ ಕಸದಲ್ಲಿ ಏನಿದೆ? ಮನೆಯಲ್ಲಿ ಅವನು ಹೇಳಿದ ಒಂದು ಮಾತಿಗೂ ಅಕ್ಕ ಇತ್ತೀಚೆಗೆ ಹಾಗೆ ನಕ್ಕದ್ದಿಲ್ಲ. ನಗುವಂಥದ್ದು ತಾನು ಏನಾದರೂ ಹೇಳಿದ್ದೆನೇ ಎಂದು ಮನಸ್ಸು ಒಳಗಿನಿಂದ ಕೇಳಿತು.

ವಿಮಾನ ನಿಲ್ದಾಣದ ಕಸದ ಷೆಡ್ಡು ಒಂದೇ, ಕಡೆ ಎರಡು. ನಡುವೆ ಅರ್ಧದವರೆಗೆ ಗಾಜಿನ ಗೋಡೆ. ಗೋಡೆ ಮುಗಿದಲ್ಲಿಂದ ನೆಲದ ಮೇಲೆ ಅಂಗೈ ಅಗಲದ ಕೆಂಪು ಗೆರೆ. ಗೆರೆಯ ಮಗ್ಗುಲಿಗೆ ಬೂಟು ಅದ್ದುವ ಔಷಧಿ ನೀರಿನ ತೊಟ್ಟಿ. ಬೋರ್ಡಿನ ಮೇಲೆ ಎರಡು ಕಡೆಗೂ ಉದ್ದುದ್ದ ಹೆಸರಿದ್ದವು. ಕೆಲಸದವರ ಬಾಯಲ್ಲಿ ಇದು ಎಂಜಲು ಕಡೆ, ಅದು ಒಣ ಕಡೆ. ಪರದೇಶದ ವಿಮಾನದಲ್ಲಿ ಬಂದ ಊಟದ ಚೂರು ಹೊರಗೆ ಬಿದ್ದರೆ ಅಲ್ಲಿನ ರೋಗ ಇಲ್ಲಿನ ದನಕ್ಕೋ ಹಂದಿಗೋ ಹತ್ತುತ್ತದೆಯಂತೆ. ಆದ್ದರಿಂದ ಬಾಯಿ ಮುಟ್ಟಿದ್ದು, ಬಾಯಿ ಮುಟ್ಟಿದ್ದನ್ನು ಮುಟ್ಟಿದ್ದು, ಮುಟ್ಟಿರಬಹುದು ಎಂದು ಅನುಮಾನ ಬಂದದ್ದು, ಎಲ್ಲವನ್ನೂ ಸುಡಬೇಕು. "ಹಂದಿ ಮೇಲಿರೋ ಕಾಳಜಿ ನಮ್ಮ ಮೇಲಿದ್ದಿದ್ರೆ ನಾವೂ ಇಷ್ಟೊತ್ತಿಗೆ ದಪ್ಪಗಾಗಿರ್ತಿದ್ವಿ" ಎನ್ನುತ್ತಿದ್ದ ರೇಡಿಯೋ. ಅವನ ಪಕ್ಕದಲ್ಲಿ ನಿಂತು ಹೆಕ್ಕುವ ಮುದುಕ. ಬಾಯಿಗೆ ಬೀಗ ಇಲ್ಲದ್ದರಿಂದ ಆ ಹೆಸರು. ಕೆಲವು ತಿಂಗಳ ಹಿಂದಿನವರೆಗೆ ಇದ್ದದ್ದು ಎಂಜಲು ಕಡೆ ಒಂದೇ. ಆಮೇಲೆ ಯಾರಿಗೋ ಹೊಳೆಯಿತು: ಓದಿ ಬಿಟ್ಟ ಪೇಪರು, ಸೀಲು ಒಡೆಯದ ನೀರಿನ ಬಾಟಲಿ, ಕಂಬಳಿಗೆ ಸುತ್ತಿದ ಪ್ಲಾಸ್ಟಿಕ್ಕು, ಇಂಥವನ್ನು ವಿಮಾನದವರು ಮೇಲೇ ಬೇರೆ ಮಾಡಿ ಬಿಳಿ ಚೀಲದಲ್ಲಿ ಕಟ್ಟಿ ಕೊಟ್ಟರೆ ಸುಡದೆ ಮತ್ತೆ ಬಳಕೆಗೆ ಕಳಿಸಬಹುದಲ್ಲ? ಹಾಗೆ ಹುಟ್ಟಿತು ಒಣ ಕಡೆ. ಪರೀಕ್ಷೆಗೆಂದು. ಆ ಪರೀಕ್ಷೆ ಮುಗಿಯುವುದು ಇವತ್ತು. ಮಧ್ಯಾಹ್ನ ಇನ್‌ಸ್ಪೆಕ್ಟರು ಬಂದು ತನಗೆ ತೋಚಿದ ಒಂದು ಮೂಟೆ ಬಿಚ್ಚಿಸುತ್ತಾರೆ. ಚೊಕ್ಕವಾಗಿದ್ದರೆ ಒಣ ಕಡೆ ಉಳಿಯಿತು, ಅಕ್ಕ ಅಲ್ಲೇ ಕಾಯಂ. ಊಟದ ಒಂದೇ ಒಂದು ಚೂರು ಸಿಕ್ಕರೂ ದಿನದ ಸರಕೆಲ್ಲ ಎಂಜಲಾಗಿ ಕುಲುಮೆ ಸೇರುತ್ತದೆ, ಅಕ್ಕ ಮತ್ತೆ ಈ ಕಡೆಗೆ, ಅವನ ಪಕ್ಕಕ್ಕೆ, ಹೊಗೆಗೆ.

ಹೊಗೆಗೆ. ಬೆಳಗ್ಗೆ ಅವಳು ಎದ್ದದ್ದು ಕೆಮ್ಮಿನಿಂದಲೇ. ಅವನು ಶಾಲೆಯ ಚೀಲ ಮೂಲೆಗೆ ಎಸೆದ ವರ್ಷ, ಅದಕ್ಕಿಂತ ಹಿಂದೆ ಕೂಡ, ಅವಳು ಕುಲುಮೆಯ ಬಾಯಿಗೆ ಚೀಲ ತಳ್ಳುತ್ತಿದ್ದಳು, ಬೂದಿ ಬಳಿಯುತ್ತಿದ್ದಳು. ತನ್ನ ಹೊಟ್ಟೆಗೆ ಹೋದ ತುತ್ತೆಲ್ಲ ಆ ಬೂದಿಯಿಂದ ಬಂದದ್ದೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಕೆಮ್ಮು ಕೇಳಿದರೆ ಸಿಟ್ಟು ಬರುತ್ತಿತ್ತು. ಒಣ ಕಡೆಗೆ ಹೋದ ಮೇಲೆ ಕೆಮ್ಮು ಅರ್ಧ ಇಳಿದಿತ್ತು. ಸಂತೋಷದ ಸಂಗತಿ. ಸಂತೋಷದ ಸಂಗತಿ ಎಂದು ತನಗೆ ತಾನೇ ಹೇಳಿಕೊಳ್ಳಬೇಕಾದ ಸಂತೋಷ. ಈ ಬೆಳಗ್ಗೆ, ಅಡುಗೆಮನೆಯೂ ಆಗಿದ್ದ ಮುಂದಿನ ಕೋಣೆಯಲ್ಲಿ ಅವಳು ಕಿಟಕಿಗೆ ಬೆನ್ನು ಕೊಟ್ಟು ಕೂತು ಏನೋ ಹೊಲಿಯುತ್ತಿದ್ದಳು. ನೀಲಿ ಕೋಟು. ಗಂಡಸಿನದು. ಅವನದಲ್ಲ, ಎಂಜಲು ಕಡೆಯವರದು ಬೂದು ಬಣ್ಣ.

"ಯಾರ್ದದು?"

"ತೂಕದವನ್ದು. ಗುಂಡಿ ಕಿತ್ತೋಗಿತ್ತು. ಇವತ್ತು ಸಾಹೇಬ್ರು ಬರ್ತಾರೆ, ಎದೆ ಬಿಟ್ಕೊಂಡು ನಿಂತ್ಕೋತೀಯೇನೋ, ಬಿಚ್ಕೊಡು ಅಂದೆ."

"ಅವ್ನಿಗೆ ಕೈ ಇಲ್ವಾ?"

"ಕೈ ಇದೆ, ಅಕ್ಕ ಇಲ್ಲ" ಎಂದಳು, ದಾರ ಹಲ್ಲಲ್ಲಿ ಕಡಿಯುತ್ತ.

ಅವನು ಕೈ ಚಾಚಿದ. "ಸೂಜಿ ಕೊಡು. ಇನ್ನೂ ಹೊಲಿಯೋದಿದ್ರೆ ಪೋಣಿಸ್ಕೊಡ್ತೀನಿ." ವರ್ಷದಿಂದ ಅದು ಅವನ ಕೆಲಸ. ಅಕ್ಕನಿಗೆ ಹತ್ತಿರದ್ದು ಕಾಣುವುದಿಲ್ಲ. ಕಾಣುವುದಿಲ್ಲ ಎಂದು ಷೆಡ್ಡಿನಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾದರೆ ಒಣ ಕಡೆಯ ಮೇಜಿನ ಹತ್ತಿರ ಅವಳನ್ನು ಬಿಡುವುದಿಲ್ಲ. ಸೂಜಿಯ ಕಣ್ಣಿಗೆ ದಾರ ತೂರಿಸಿ ಅವಳ ಬೆರಳಿಗೆ ಕೊಡುವಾಗಲೆಲ್ಲ, ಲೋಕದಲ್ಲಿ ತಾನೊಬ್ಬನೇ ಬಲ್ಲ ಗುಟ್ಟು ಒಂದಿದೆ ಎಂದು ಅವನ ಎದೆ ತುಂಬುತ್ತಿತ್ತು.

"ಬೇಡ ಬಿಡು. ನಿನ್ನೆ ಅವ್ನೇ ಪೋಣಿಸ್ಕೊಟ್ಟ, ಉದ್ದಕ್ಕೆ ದಾರ ಬಿಟ್ಟು. ಇನ್ನೂ ನಾಕು ಗುಂಡಿಗಾಗುತ್ತೆ."

"ಅವ್ನಿಗೆ ಹೇಳಿದ್ಯಾ, ಕಣ್ಣಿಂದು?"

"ಹೇಳ್ದೆ ಹೆಂಗೋ? ಚೀಲ ಕೊಯ್ದು ಮೇಜಿಗೆ ಸುರಿಯೋನು ಅವ್ನು. ನಾನು ಬಿಟ್ಟಿದ್ದನ್ನ ಸದ್ದಿಲ್ದೆ ತೆಗ್ದು ಹಾಕ್ತಾನೆ. ಒಳ್ಳೆ ಹುಡುಗ ಕಣೋ. ನೀನ್ಯಾಕೆ ಮುಖ ಹಂಗ್ ಮಾಡ್ಕೋತೀಯ?"

ಹುಡುಗ! ತನ್ನ ವಾರಗೆಯ ಗಂಡಸು, ಗಡ್ಡ ಬಂದವನು, ಹುಡುಗ! ಅವನು ಅರ್ಧ ಕುಡಿದ ಚಹಾ ಅಲ್ಲೇ ಬಿಟ್ಟು ಎದ್ದ. ದಾರಿಯುದ್ದಕ್ಕೂ ಅವಳಿಗಿಂತ ಹತ್ತು ಹೆಜ್ಜೆ ಮುಂದೆ ನಡೆದ. ಹಿಂದಿನಿಂದ ಅವಳು ಕೂಗುತ್ತಾಳೆ, ನಿಲ್ಲೋ ಎನ್ನುತ್ತಾಳೆ ಎಂದು ಕಿವಿ ನಿಮಿರಿಸಿಕೊಂಡೇ ನಡೆದ. ಅವಳು ಕೂಗಲಿಲ್ಲ. ತಿರುಗಿ ನೋಡಿದಾಗ ಕೋಟನ್ನು ಮಡಿಕೆ ಬೀಳದಂತೆ ತೋಳಿನ ಮೇಲೆ ಹಾಕಿಕೊಂಡು, ತನ್ನಷ್ಟಕ್ಕೆ ಏನೋ ಯೋಚಿಸುತ್ತ ಬರುತ್ತಿದ್ದಳು.

"ಏನೋ, ನಿಮ್ಮಕ್ಕಂಗೆ ಹೊಸ ತಮ್ಮ ಸಿಕ್ಕಿದ್ನಂತೆ" ಎಂದ ರೇಡಿಯೋ, ಚೀಲದಿಂದ ಒಡೆದ ಕನ್ನಡಕವೊಂದನ್ನು ಎತ್ತಿ ಹಿಡಿದು. "ಹಳೇದನ್ನ ಏನ್ಮಾಡ್ತಾಳಂತೆ? ಸುಡೋ ಚೀಲಕ್ಕೋ, ಮತ್ತೆ ಬಳಸೋ ಚೀಲಕ್ಕೋ?"

"ನಿನ್ನ ಕೆಲ್ಸ ನೋಡ್ಕೊಳಯ್ಯಾ."

"ನನ್ ಕೆಲ್ಸಾನೇ ಅದಪ್ಪ, ಬೇರೆ ಬೇರೆ ಮಾಡೋದು" ಎಂದು ಮುದುಕ ಒಡೆದ ಕನ್ನಡಕ ಮೂಗಿಗೇರಿಸಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ನೀನು ಎಂಜಲು ಕಡೇನೇ. ಮೂತಿ ನೋಡಿದ್ರೆ ಗೊತ್ತಾಗುತ್ತೆ."

ನಗಬೇಕಿತ್ತು. ಬೇರೆ ದಿನವಾದರೆ ನಗುತ್ತಿದ್ದ. ಹೆಂಡತಿಯ ವಿಷಯಕ್ಕೆ ಹೊಟ್ಟೆಕಿಚ್ಚು ಪಟ್ಟರೆ ನಾಲ್ಕು ಜನ ಅಯ್ಯೋ ಅನ್ನುತ್ತಾರೆ, ಹೆಗಲ ಮೇಲೆ ಕೈ ಹಾಕಿ ಕುಡಿಸಲು ಕರೆದೊಯ್ಯುತ್ತಾರೆ. ಪ್ರೀತಿಸಿದವಳು ಬಿಟ್ಟರೆ ಗಡ್ಡ ಬಿಟ್ಟು ತಿರುಗಬಹುದು. ಮೀಸೆ ಹೊತ್ತ ಗಂಡಸು ಅಕ್ಕನ ವಿಷಯಕ್ಕೆ ಹೊಟ್ಟೆ ಉರಿದುಕೊಂಡರೆ ಅದನ್ನು ಯಾರ ಮುಂದೆ ಹೇಳುವುದು? ಅದಕ್ಕೊಂದು ಮರ್ಯಾದೆಯ ಹೆಸರೂ ಇಲ್ಲ. ಸೆರಗು ಹಿಡಿದು ಅಳುವ ಮಗುವಿನ ಹೆಸರೇ ಅದಕ್ಕೆ. ಅವಳು ಮದುವೆಯಾಗಿದ್ದರೆ, ಗಂಡ ಎಂಬವನು ಬಂದಿದ್ದರೆ, ತಾನು ಇಷ್ಟು ಉರಿಯುತ್ತಿರಲಿಲ್ಲ ಎಂದು ಅವನಿಗೆ ಅನ್ನಿಸಿತು. ಗಂಡ ಬೇರೆ ಜಾಗ. ಈ ತೂಕದವನು ಬಂದು ನಿಂತದ್ದು ತಮ್ಮನ ಜಾಗದಲ್ಲಿ, ತಮ್ಮನ ಬೂಟಿನೊಳಗೆ ಕಾಲಿಟ್ಟು. ಬಂದು ನಿಂತದ್ದೂ ಅಲ್ಲ. ಕೇಳದೆಯೇ ಕೊಟ್ಟದ್ದನ್ನು ಕೈಚಾಚಿ ತೆಗೆದುಕೊಂಡ, ಅಷ್ಟೆ. ಕೊಟ್ಟವಳು ಅವಳು. ಆ ಮಾತು ಬಂದಾಗಲೆಲ್ಲ ಅವನ ಸಿಟ್ಟು ದಾರಿ ತಪ್ಪಿ ಮತ್ತೆ ತೂಕದವನ ಕಡೆಗೇ ತಿರುಗುತ್ತಿತ್ತು.

ಅಷ್ಟರಲ್ಲಿ ಗಾಜಿನಾಚೆ ಇಬ್ಬರೂ ಕಾಣಲಿಲ್ಲ. ಅವನು ನಿಂತಲ್ಲಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದ. ಮೂಟೆ ಒತ್ತುವ ಯಂತ್ರದ ಮರೆಯಲ್ಲಿ, ಬಾಯಿಗೆ ಏನನ್ನೂ ಹಾಕಬಾರದು ಎಂಬ ಬೋರ್ಡಿನ ಕೆಳಗೇ, ಅಕ್ಕ ಕೈಗವಸು ಕಳಚಿ ಸೊಂಟದ ಚೀಲದಿಂದ ಏನೋ ತೆಗೆದಳು. ಕೆಮ್ಮಿಗೆಂದು ಇಟ್ಟುಕೊಳ್ಳುವ ಪೆಪ್ಪರ್‌ಮಿಂಟು. ಅದನ್ನು ಕೋಟಿನ ಅಂಚಿನಲ್ಲಿ ಸುತ್ತಿದಳು. ತಲೆ ಓರೆ ಮಾಡಿ, ದವಡೆ ಹಲ್ಲಿನ ನಡುವೆ ಇಟ್ಟಳು. ಕಟಕ್. ಸದ್ದು ಇಲ್ಲಿಗೆ ಬರಲು ಸಾಧ್ಯವೇ ಇಲ್ಲ, ಆದರೆ ಅದು ಅವನ ಹಲ್ಲಿನಲ್ಲೇ ಆಯಿತು. ಕಾಗೆ ಎಂಜಲು! ಒಂದು ಪೆಪ್ಪರ್‌ಮಿಂಟು, ಎರಡು ಬಾಯಿ. ಚಿಕ್ಕಂದಿನಲ್ಲಿ ಮೆಟ್ಟಿಲ ಮೇಲೆ ಕೂತು ಅವಳು ಲಂಗದ ಅಂಚು ಸುತ್ತಿ ಕಡಿಯುತ್ತಿದ್ದಳು, ನಡುವೆ ಬಟ್ಟೆ ಇದೆ, ಕಾಗೆ ಎಂಜಲು ಎಂಜಲಲ್ಲ, ಬಾಯಿ ತೆಗಿ. ಅವನು ಬಾಯಿ ತೆಗೆದು ಕೂರುತ್ತಿದ್ದ. ದೊಡ್ಡ ಚೂರು ಯಾವಾಗಲೂ ಅವನಿಗೆ. ಬಟ್ಟೆಯ ಒಂದು ಎಳೆ ನಾಲಗೆಗೆ ಸಿಗುತ್ತಿತ್ತು, ಸಿಹಿಯ ಜೊತೆಗೆ ಸೋಪಿನ ವಾಸನೆ. ಲೋಕದಲ್ಲಿ ಅದನ್ನು ಇನ್ನೊಬ್ಬರಿಗೆ ಕೊಡಬಹುದು ಎಂದು ಅವನಿಗೆ ಯಾವತ್ತೂ ತೋಚಿರಲಿಲ್ಲ. ತೂಕದವನು ಅಂಗೈ ಒಡ್ಡಿದ. ಅಕ್ಕ ಅದರ ಮೇಲೆ ಒಂದು ಚೂರು ಇಟ್ಟಳು. ಇಷ್ಟು ದೂರದಿಂದ ಚೂರಿನ ಗಾತ್ರ ಕಾಣುವಂತಿರಲಿಲ್ಲ. ದೊಡ್ಡದನ್ನೇ ಕೊಟ್ಟಳು ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಬೆರಳಿಗೆ ಏನೋ ತಣ್ಣಗೆ ಹತ್ತಿತು. ಚೀಲದೊಳಗಿಂದ ಕೈ ತೆಗೆದ. ಹಾಲಿನ ಡಬ್ಬಿ. ಹೆಬ್ಬೆರಳಿನ ಗಾತ್ರದ್ದು, ಚಹಾಕ್ಕೆ ಸುರಿದುಕೊಳ್ಳಲು ಕೊಡುವಂಥದ್ದು, ಬೆಳ್ಳಿ ಬಣ್ಣದ ಮುಚ್ಚಳ ಯಾರೂ ಕಿತ್ತಿರಲಿಲ್ಲ. ಯಾರ ಬಾಯಿಯೂ ಮುಟ್ಟದ, ಯಾರ ಉಸಿರೂ ತಾಗದ, ಇಡೀ ಚೀಲದಲ್ಲಿ ಅದರಷ್ಟು ಶುದ್ಧವಾದದ್ದು ಇನ್ನೊಂದಿರಲಿಲ್ಲ. ಆದರೂ ಎಂಜಲು. ಹಾಲು ಪರದೇಶದ ಹಸುವಿನದು; ಸೀಲು ಇರಲಿ ಬಿಡಲಿ, ಬೆಂಕಿಗೇ. ಯಾರೋ ಸೀನಿದ ಪೇಪರು ಒಣ ಕಡೆ, ಮುಟ್ಟದ ಹಾಲು ಈ ಕಡೆ. ಈ ನಿಯಮ ಕಲಿತ ದಿನ ಅವನೂ ಅಕ್ಕನೂ ಮನೆಗೆ ಹೋಗುವ ದಾರಿಯಲ್ಲಿ ನಕ್ಕಿದ್ದರು. ನೋಡೋ, ಏನೂ ಮಾಡ್ದೇ ಇದ್ರೂ ತಪ್ಪೇ, ಹುಟ್ಟಿದ್ದೇ ತಪ್ಪು ಎಂದಿದ್ದಳು. ಹೌದು, ಆಗ ಅವಳು ಅವನ ಜೊತೆ ನಗುತ್ತಿದ್ದಳು.

ಹೊಸ ವಿಮಾನದ ಸರಕು ಬಂತೆಂದು ಮೇಸ್ತ್ರಿ ಕೂಗಿದ. ಕೆಂಪು ಚೀಲ ಇಳಿಸಿಕೊಂಡು ಬಿಳಿ ಚೀಲದ ಗಾಡಿಯನ್ನು ಗೆರೆಯವರೆಗೆ ತಳ್ಳಿ ಬಿಡುವುದು ಈ ಕಡೆಯವರ ಕೆಲಸ; ಗೆರೆಯಾಚೆಯಿಂದ ಒಣ ಕಡೆಯವರು ಎಳೆದುಕೊಳ್ಳುತ್ತಾರೆ. ಡಬ್ಬಿಯನ್ನು ಕೋಟಿನ ಜೇಬಿಗೆ ಇಳಿಸಿ, ಕೈಗವಸು ಬದಲಿಸಿಕೊಂಡು ಅವನೇ ಹೋದ. ಕಂಬದ ಮರೆಯಲ್ಲಿ ಗಾಡಿ ನಿಲ್ಲಿಸಿ ಮೇಲಿನ ಬಿಳಿ ಚೀಲದ ಬಾಯಿ ಬಿಚ್ಚಿದ. ವಿಮಾನದವರು ಕಟ್ಟಿದ್ದು, ರಿಬ್ಬನ್ನಿನ ಹೂ ಕಟ್ಟಿದ ಹಾಗೆ ಸಡಿಲ, ಎಳೆದರೆ ಬಂತು. ಡಬ್ಬಿಯನ್ನು ಮುದುಡಿದ ಪೇಪರುಗಳ ನಡುವೆ ಇಳಿಬಿಟ್ಟ. ಬೈಗುಳ ತೂಕದವನಿಗೆ ಬೀಳುತ್ತದೆ ಎಂದುಕೊಂಡ. ಮೇಜನ್ನು ಕೊನೆಗೆ ನೋಡುವವನು ಅವನಲ್ಲವೇ? ಅಕ್ಕನ ಕಣ್ಣು ಆಗ ನೆನಪಿಗೆ ಬರಲಿಲ್ಲ ಎಂದರೆ ಸುಳ್ಳು. ಬಂತು. ಬಂದದ್ದನ್ನು, ಚೀಲದಲ್ಲಿ ಬೇಡದ್ದು ಕೈಗೆ ಸಿಕ್ಕಾಗ ಪಕ್ಕಕ್ಕೆ ತಳ್ಳುವ ಹಾಗೆ, ಪಕ್ಕಕ್ಕೆ ತಳ್ಳಿದ. ಕೆಮ್ಮೂ ಬಂತು. ಅದನ್ನೂ ತಳ್ಳಿದ. ಒಂದೇ ದಿನದ ಸರಕು ತಾನೇ, ಸುಡಲಿ. ಅವಳು ಈ ಕಡೆ ಬರಲಿ, ಬೂದಿಯ ಕೆಲಸವೆಲ್ಲ ತಾನೇ ಮಾಡುತ್ತೇನೆ, ಅವಳನ್ನು ಕೂರಿಸಿ ನೋಡಿಕೊಳ್ಳುತ್ತೇನೆ. ಚೀಲದ ಕತ್ತು ಹಿಡಿದು ಎರಡು ಸುತ್ತು ತಿರುವಿ, ತುದಿಯನ್ನು ಒಳಗೆ ತೂರಿಸಿ, ಜಗ್ಗಿ ಬಿಗಿದ. ಕೈ ತಾನಾಗಿ ಹಾಕಿದ ಗಂಟು. ಸೋರುವ ಕೆಂಪು ಚೀಲಕ್ಕೆ ಎಂಜಲು ಕಡೆಯವರು ಹಾಕುವ ಗಂಟು. ಕೋಳಿ ಕತ್ತು ಮುರಿದ ಹಾಗೆ ಮುರೀಬೇಕು ನೋಡು ಎಂದು ಕೆಲಸಕ್ಕೆ ಸೇರಿದ ಮೊದಲ ದಿನ ಅಕ್ಕನೇ ಅವನ ಕೈ ಮೇಲೆ ಕೈಯಿಟ್ಟು ಕಲಿಸಿದ್ದು.

ಗಾಡಿಯ ಮುಂದಿನ ಚಕ್ರ ಗೆರೆ ದಾಟಿದ್ದೇ ತಡ, ಅದು ಬೇಡವಾಗಿತ್ತು ಅನ್ನಿಸಿತು. ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಚೀಲ ಇತ್ತು. ಆದರೆ ಆಚೆ ಇತ್ತು. ಬೂಟು ಅದ್ದಿ, ಕೋಟು ಬದಲಿಸಿ, ಮೇಸ್ತ್ರಿಗೆ ಕಾರಣ ಹೇಳಿ ದಾಟಬೇಕು. ಕೂಗಬಹುದಿತ್ತು. ಏಯ್, ಆ ಚೀಲ ಇಲ್ಲಿ ಕೊಡು ಎಂದರೆ ಮುಗಿಯುತ್ತಿತ್ತು. ತೂಕದವನು ಬಂದು ಗಾಡಿ ಹಿಡಿದ. ಅವನ ದವಡೆಯಲ್ಲಿ ಪೆಪ್ಪರ್‌ಮಿಂಟು ಇನ್ನೂ ಒಂದು ಉಬ್ಬಾಗಿ ಕಾಣುತ್ತಿತ್ತು. "ಊಟ ಆಯ್ತಾ?" ಎಂದು ಕೇಳಿದ, ದಿನಾ ಕೇಳುವ ಹಾಗೆ. ಅವನು ತಿರುಗಿ ನಡೆದ. ಗಾಜಿನ ಹತ್ತಿರ ಬಂದು ನೋಡಿದಾಗ ತೂಕದವನು ಅದೇ ಚೀಲ ಎತ್ತಿಕೊಂಡಿದ್ದ. ಅದರ ಕತ್ತಿನ ಗಂಟನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿ ನೋಡಿದ. ಆಮೇಲೆ ಚಾಕು ತೆಗೆದು ಕೊಯ್ದು, ಮೇಜಿಗೆ ಸುರಿದ. ಅಷ್ಟರಲ್ಲಿ ಮೇಸ್ತ್ರಿ ತೂಕದವನನ್ನು ಬಾಗಿಲ ಕಡೆ ಕರೆದ, ಸಾಹೇಬರ ಗಾಡಿ ಬಂತೆಂದು. ಮೇಜಿನ ಮುಂದೆ ಉಳಿದದ್ದು ಅಕ್ಕ ಒಬ್ಬಳೇ. ಅವಳು ಪೇಪರುಗಳನ್ನು ಎರಡೂ ಕೈಯಿಂದ ಬಾಚಿ, ಅಕ್ಕರೆಯಿಂದ ತಟ್ಟಿ, ಯಂತ್ರದ ಬಾಯಿಗೆ ತುಂಬಿದಳು.

ಇನ್‌ಸ್ಪೆಕ್ಟರು ಮೆತ್ತಗಿನ ಮಾತಿನ ಮನುಷ್ಯ. ಮೆತ್ತಗೆ ಮಾತಾಡುವವರನ್ನು ಕಂಡರೆ ಮೇಸ್ತ್ರಿಗೆ ಇನ್ನೂ ಭಯ. ಎಲ್ಲರನ್ನೂ ಗೆರೆಯ ಎರಡು ಕಡೆ ಸಾಲಾಗಿ ನಿಲ್ಲಿಸಿದ. ಅಕ್ಕ ಕೂದಲು ಒತ್ತಿ ಬಾಚಿಕೊಂಡಿದ್ದಳು. ತೂಕದವನ ಕೋಟಿನ ಗುಂಡಿ ಮಿಂಚುತ್ತಿತ್ತು. ಸಾಹೇಬರು ಒಂದು ಮೂಟೆ ದಾಟಿದರು, ಇನ್ನೊಂದು ದಾಟಿದರು. ಪ್ರತಿ ಸಲವೂ ಅವನು, ದಾಟಿ ಹೋಗಲಿ ಎಂದು ಬೇಡಿಕೊಂಡ, ನಿಲ್ಲಲಿ ಎಂದೂ ಬೇಡಿಕೊಂಡ. ಅವರು ಹೊಸ ಮೂಟೆಯ ಮುಂದೆ ನಿಂತು, "ಇದು ಬಿಚ್ಚಿ" ಎಂದರು.

ಮೂಟೆಗೆ ಬಿಗಿದ ಪಟ್ಟಿ ಕೊಯ್ದಾಗ ಪೇಪರು ಉಸಿರು ಬಿಟ್ಟ ಹಾಗೆ ಅಗಲವಾಯಿತು. ಯಾವ್ಯಾವುದೋ ಭಾಷೆಯ ಪೇಪರು, ಪ್ಲಾಸ್ಟಿಕ್ಕು, ಮತ್ತೆ ಪೇಪರು. ಸಾಹೇಬರ ಮುಖದಲ್ಲಿ ಮೆಚ್ಚುಗೆ ಮೂಡುತ್ತಿತ್ತು. ಆಮೇಲೆ ಟಕ್ ಎಂದು ಅದು ಬಿತ್ತು, ಉರುಳಿ ಬಂದು ಕೆಂಪು ಗೆರೆಯ ಅಂಚಿಗೆ ನಿಂತಿತು. ಅದಕ್ಕೆ ಮನೆ ದಾರಿ ಗೊತ್ತಿತ್ತು.

"ಏನದು?" ಎಂದರು ಸಾಹೇಬರು.

"ಹಾಲು" ಎಂದ ರೇಡಿಯೋ, ತನ್ನನ್ನು ಕೇಳದಿದ್ದರೂ.

ಮೇಸ್ತ್ರಿ ಬಿಳಿಚಿಕೊಂಡ. "ಏನಮ್ಮಾ? ಕಣ್ಣೆದುರಿಗೇ ಇರೋದು ಕಾಣ್ಲಿಲ್ವಾ ನಿನಗೆ?"

ಅಕ್ಕ ಬಗ್ಗಿ ಎತ್ತಿಕೊಂಡಳು. ಕಣ್ಣಿನ ಹತ್ತಿರ ತಂದಳು. ಆಮೇಲೆ ತೋಳು ಚಾಚಿ ದೂರ ಹಿಡಿದಳು. ಮತ್ತೆ ಹತ್ತಿರ. ಸೂಜಿ ಪೋಣಿಸಲು ಹೋಗಿ ಸೋತಾಗ ಅವಳು ಮಾಡುವುದು ಹಾಗೆಯೇ. ಇನ್ನೊಂದು ಸಲ ಹಾಗೆ ಮಾಡಿದರೆ ಎಲ್ಲರಿಗೂ ತಿಳಿಯುತ್ತದೆ, ಇನ್ನೊಂದೇ ಸಲ ಎಂದು ಅವನು ಗೆರೆಯ ಈಚೆ ಹಲ್ಲು ಕಚ್ಚಿ ನಿಂತಿದ್ದಾಗ ತೂಕದವನು ಅವಳ ಕೈಯಿಂದ ಡಬ್ಬಿ ತೆಗೆದುಕೊಂಡ.

"ನಂದೇ ತಪ್ಪು ಸರ್. ಅಕ್ಕ ಇದನ್ನ ತೆಗ್ದು ಪಕ್ಕಕ್ಕಿಟ್ಟಿದ್ರು. ನಾನೇ ನೋಡ್ದೆ ಪೇಪರ್ ಜೊತೆ ಬಾಚ್ಬಿಟ್ಟೆ."

ಎಷ್ಟು ಸಲೀಸಾಗಿ ಹೇಳಿದ! ಕಳೆದುಹೋದ ಕೊಡೆ ತನ್ನದೆಂದು ಗುರುತಿಸಿ ಎತ್ತಿಕೊಳ್ಳುವವನ ಹಾಗೆ. ಅಕ್ಕ ಅವನ ಮುಖ ನೋಡಿದ ರೀತಿ! ಅವಳ ಕಣ್ಣಿಗೆ ಹತ್ತಿರದ್ದು ಕಾಣುವುದಿಲ್ಲ ಎಂದವರಾರು? ಸೂಜಿ ಹೋಯಿತು, ನಗು ಹೋಯಿತು, ಕಾಗೆ ಎಂಜಲ ದೊಡ್ಡ ಚೂರು ಹೋಯಿತು, ಈಗ ಇದೂ. ತಾನು ಮಾಡಿದ ಪಾಪ ಕೂಡ ಅವನ ಕೈಗೆ ಹೋದ ತಕ್ಷಣ ಪುಣ್ಯವಾಗಿಬಿಡಬೇಕೇ? ಕಳ್ಳ! ಅದು ನನ್ನದು. ಈ ಷೆಡ್ಡಿನಲ್ಲಿ ನನ್ನದು ಅಂತ ಉಳಿದದ್ದು ಅದೊಂದೇ.

"ಸುಳ್ಳು!" ಎಂದು ಅರಚಿದ. "ಅದನ್ನ ಹಾಕಿದ್ದು ನಾನು!"

ಎಲ್ಲರೂ ತಿರುಗಿದರು. ಮೇಸ್ತ್ರಿ ಬಾಯಿ ಬಿಟ್ಟ. "ನೀನು ಗೆರೆ ಈಚೆ ಇರೋನು. ನೀನೆಲ್ಲಿಂದ ಹಾಕ್ತೀಯೋ?"

"ಗಾಡಿ ತಳ್ಳೋವಾಗ. ಚೀಲ ಬಿಚ್ಚಿ. ಬೇಕೂಂತ್ಲೇ ಹಾಕ್ದೆ."

"ಯಾಕೆ? ಒಡಹುಟ್ಟಿದವಳ ಕೆಲ್ಸಕ್ಕೆ ಕಲ್ಲು ಹಾಕೋಕೆ ಹುಚ್ಚಾ ನಿಂಗೆ?"

ಯಾಕೆ. ಉತ್ತರ ಗಂಟಲಿನಲ್ಲೇ ಇತ್ತು, ಒಂದೇ ಮಾತು: ಪೆಪ್ಪರ್‌ಮಿಂಟು. ಅದನ್ನು ಇಷ್ಟು ಜನರ ಮುಂದೆ, ಬೂಟು ಹಾಕಿದ ಕಾಲಿನ ಮೇಲೆ ನಿಂತು, ಗಂಡಸಿನ ದನಿಯಲ್ಲಿ ಹೇಳುವುದು ಹೇಗೆ? ಅವನು ಬಾಯಿ ತೆರೆದ, ಮುಚ್ಚಿದ. ಆ ಮೌನವೇ ಅವನ ಮಾತನ್ನು ಸುಳ್ಳು ಮಾಡಿತು. ಮೇಸ್ತ್ರಿಯ ಮುಖ ಸಡಿಲವಾಯಿತು. ಯಾರೋ ಲೊಚಗುಟ್ಟಿದರು.

"ಅಬ್ಬಬ್ಬಾ" ಎಂದ ರೇಡಿಯೋ, "ಇಷ್ಟು ಸಣ್ಣ ಡಬ್ಬಿಗೆ ಎಷ್ಟು ಜನ ಅಪ್ಪಂದಿರು!"

ಎರಡು ಕಡೆಯವರೂ ನಕ್ಕರು. ಸಾಹೇಬರೂ ತುಟಿ ಒತ್ತಿಕೊಂಡರು. ಆಮೇಲೆ ಅದೇ ಮೆತ್ತಗಿನ ದನಿಯಲ್ಲಿ ಹೇಳಿದರು: ಇವತ್ತಿನದೆಲ್ಲ ಸುಡಬೇಕು. ಒಣ ಕಡೆ ಮುಂದುವರಿಯಲಿ. ಒಬ್ಬನ ಕೈತಪ್ಪು, ಪದ್ಧತಿಯ ತಪ್ಪಲ್ಲ. ಆದರೆ ಕೈ ತಪ್ಪಿದವನು ಇನ್ನು ಆ ಕಡೆ ಬೇಡ. "ಅವನ ಜಾಗಕ್ಕೆ ಯಾರು?" ಎಂದು ಕೇಳಿದರು. ಮೇಸ್ತ್ರಿ ಅವನ ಬೆನ್ನ ಮೇಲೆ ಕೈಯಿಟ್ಟು ಗೆರೆಯ ಕಡೆಗೆ ನೂಕಿದ. "ಇವ್ನೇ ಸರ್. ಅಕ್ಕನ ಮೇಲೆ ಪ್ರಾಣ ಇಟ್ಕೊಂಡಿದಾನೆ, ನೋಡಿದ್ರಲ್ಲ. ಅವಳ ಮೇಜಿನ ಮೇಲೆ ಇನ್ನು ಒಂದು ಕೂದಲೂ ತಪ್ಪೋದಿಲ್ಲ." ಅವನು ಮತ್ತೊಮ್ಮೆ, ಮೆಲ್ಲಗೆ, "ನಿಜ್ವಾಗ್ಲೂ ನಾನೇ ಹಾಕಿದ್ದು" ಎಂದ. "ಆಯ್ತಪ್ಪ ಆಯ್ತು, ನೀನೇ ಹಾಕಿದ್ದು" ಎಂದ ಮೇಸ್ತ್ರಿ, ಹಟ ಮಾಡುವ ಮಗುವಿಗೆ ಹೇಳುವ ಹಾಗೆ.

ಔಷಧಿ ನೀರಿನ ತೊಟ್ಟಿ ಇಬ್ಬರಿಗೆ ಸಾಲುವಷ್ಟು ಅಗಲವಿರಲಿಲ್ಲ. ಅವನು ಬೂಟು ಅದ್ದುವವರೆಗೆ ತೂಕದವನು ಆಚೆ ಕಾದು ನಿಂತ. ನೀಲಿ ಕೋಟು ಒಣ ಕಡೆಯವರದು. ತೂಕದವನು ಅದನ್ನು ಕಳಚಿ ಚಾಚಿದ. ಅವನು ತೋಳು ತೂರಿಸಿದ. ಒಳಗೆ ಇನ್ನೂ ಇನ್ನೊಬ್ಬನ ಬಿಸಿ ಇತ್ತು. ಅಕ್ಕ ಹೊಲಿದ ಗುಂಡಿ ಬೆರಳಿಗೆ ಸಿಕ್ಕಿತು. ತೂಕದವನು ಅವನ ಬೂದು ಕೋಟನ್ನು ಹಾಕಿಕೊಳ್ಳುತ್ತ, ಕಾಲರು ಸರಿಮಾಡುವವನಂತೆ ಹತ್ತಿರ ಬಂದು ಇವನಿಗೊಬ್ಬನಿಗೇ ಕೇಳುವಂತೆ ಹೇಳಿದ:

"ಗಂಟು ಸ್ವಲ್ಪ ಸಡ್ಲ ಹಾಕೋದು ಕಲೀ. ಈ ಕಡೆ ಯಾರೂ ಅಷ್ಟು ಬಿಗಿ ಹಾಕಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ, ಅಣಕವೂ ಇರಲಿಲ್ಲ. ಇದ್ದಿದ್ದರೆ ಮುಖಕ್ಕೆ ಗುದ್ದಬಹುದಿತ್ತು. "ಆ ಗಂಟು ಅವ್ರು ನೋಡಿಲ್ಲ" ಎಂದು ಅಕ್ಕನ ಕಡೆ ಕಣ್ಣು ಹಾಯಿಸಿದ. "ನೋಡೋದೂ ಬೇಡ." ಬೂಟು ಅದ್ದಿ, ಗೆರೆ ದಾಟಿ, ರೇಡಿಯೋನ ಪಕ್ಕಕ್ಕೆ ಹೋಗಿ ನಿಂತ. ಮುದುಕ ಆಗಲೇ ಏನೋ ಹೇಳತೊಡಗಿದ್ದ. ಹಾಗಾದರೆ ತೂಕದವನು ತಪ್ಪು ಹೊತ್ತದ್ದು ಅಕ್ಕನ ಕಣ್ಣಿಗಾಗಿ ಮಾತ್ರವಲ್ಲ. ಅವಳ ತಮ್ಮ ಎಂಥವನೆಂದು ಅವಳಿಗೆ ತಿಳಿಯದೆ ಇರಲಿ ಎಂದು. ಅಷ್ಟು ದೊಡ್ಡದನ್ನು ಅವಳಿಗೆ ಕೊಟ್ಟು, ಕೊಟ್ಟೆನೆಂದು ಅವಳಿಗೆ ಹೇಳದೆ ಹೊರಟ. ತಾನು ಅವಳಿಗೆ ಕೊಟ್ಟದ್ದೇನು? ದಾರ ಪೋಣಿಸಿದ ಸೂಜಿ. ಅದನ್ನೂ ಎಣಿಸಿ ಇಟ್ಟುಕೊಂಡು.

ಗಾಜು ಈಗ ಇನ್ನೊಂದು ಮಗ್ಗುಲಿನಿಂದ ಕಾಣುತ್ತಿತ್ತು. ಈಚೆಯಿಂದ ನೋಡಿದರೆ ಎಂಜಲು ಕಡೆ ಇಷ್ಟು ಕತ್ತಲೆ ಎಂದು ಅವನಿಗೆ ಗೊತ್ತಿರಲಿಲ್ಲ. ಅಲ್ಲಿ ತೂಕದವನು ಬಿಚ್ಚಿದ ಮೂಟೆಯ ಪೇಪರುಗಳನ್ನು ತೋಳು ತುಂಬ ಹೊತ್ತು ಕುಲುಮೆಗೆ ಹಾಕುತ್ತಿದ್ದ, ಮುಖ ಅತ್ತ ತಿರುಗಿಸಿ, ಮೊದಲ ಹೊಗೆ ಕುಡಿದವರೆಲ್ಲ ತಿರುಗಿಸುವ ಹಾಗೆ. ಹಿಂದಿನಿಂದ ತೋಳು ಯಾರೋ ಹಿಡಿದರು. ಅಕ್ಕ. ಯಂತ್ರದ ಮರೆಗೆ ಎಳೆದುಕೊಂಡು ಹೋದಳು. ಕೈಗವಸು ಕಳಚಿ ಅವನ ಕೆನ್ನೆ ಮುಟ್ಟಿದಳು. ದೊಡ್ಡವನಾದ ಮೇಲೆ ಮುಟ್ಟಿರಲಿಲ್ಲ. ಕಣ್ಣು ತುಂಬಿತ್ತು.

"ಅಷ್ಟು ಜನದ ಮುಂದೆ ಸುಳ್ಳು ಹೇಳ್ತಾರೇನೋ ದಡ್ಡ? ನಿನ್ನ ಕೆಲ್ಸ ಹೋಗಿದ್ರೆ?"

"ಅಕ್ಕಾ, ಅದು ಸುಳ್ಳಲ್ಲ..."

"ಸುಮ್ನಿರು. ಗೊತ್ತು ನಂಗೆ. ಬೆಳಗ್ಗೆಯಿಂದ ಮೂತಿ ಊದಿಸ್ಕೊಂಡಿದ್ಯಲ್ಲ, ಇವನಿಗೆ ನಾನು ಬೇಡವಾದೆನೇನೋ ಅಂದ್ಕೊಂಡಿದ್ದೆ. ನನ್ನ ತಮ್ಮ ಎಂಥವನು ಅಂತ ನಂಗೇ ಗೊತ್ತಿರ್ಲಿಲ್ಲ ನೋಡು."

ಸೊಂಟದ ಚೀಲದಿಂದ ಪೆಪ್ಪರ್‌ಮಿಂಟು ತೆಗೆದಳು. ಬಟ್ಟೆ ಸುತ್ತಲಿಲ್ಲ. ಹಾಗೆಯೇ ಹಲ್ಲಿಗಿಟ್ಟು ಕಟಕ್ಕನೆ ಕಡಿದು, ಅಂಗೈಯಲ್ಲಿ ಎರಡು ಚೂರನ್ನೂ ದೂರ ಹಿಡಿದು ನೋಡಿ, ದೊಡ್ಡದನ್ನು ಆರಿಸಿ, "ಬಾಯಿ ತೆಗಿ" ಎಂದಳು.

ಅವನು ಬಾಯಿ ತೆಗೆದ. ಸಿಹಿ ನಾಲಗೆಗೆ ಬಿತ್ತು, ಅವಳ ಎಂಜಲಿನ ಬಿಸಿಯ ಜೊತೆಗೆ. ಅವಳು ನೋಡುತ್ತಲೇ ಇದ್ದಳು, ತೇವಗಣ್ಣಿನಿಂದ, ತೋಳಳತೆಯ ದೂರದಲ್ಲಿ ನಿಂತ ಒಬ್ಬನನ್ನು. ಅಕ್ಕನಿಗಾಗಿ ಸುಳ್ಳು ಹೇಳಿ ತಲೆಯೊಡ್ಡಿದ ತಮ್ಮನನ್ನು. ಅವಳು ಕಾಣುತ್ತಿದ್ದ ಆ ಮುಂಡೇಮಗ ಯಾರು? ಎಲ್ಲಿಂದ ಬಂದ? ಯಾವಾಗಿನಿಂದ ಈ ಕೋಟಿನೊಳಗೆ ನಿಂತು, ಅವಳು ತನಗಾಗಿ ಕಡಿದದ್ದನ್ನು ತಿನ್ನುತ್ತಿದ್ದಾನೆ? ತೂಕದವನನ್ನಾದರೂ ಗೆರೆಯಾಚೆ ಕಳಿಸಬಹುದಿತ್ತು. ಇವನನ್ನು ಎಲ್ಲಿಗೆ ಕಳಿಸುವುದು? ಇವನು ರಾತ್ರಿ ಅವಳ ಜೊತೆ ಮನೆಗೂ ಬರುತ್ತಾನೆ, ನಾಳೆ ಸೂಜಿಯನ್ನೂ ಇವನೇ ಪೋಣಿಸಿ ಕೊಡುತ್ತಾನೆ. ಹೊಟ್ಟೆಯೊಳಗಿನ ಕಿಚ್ಚು ಮತ್ತೆ ಹೊತ್ತಿಕೊಂಡಿತು, ಈ ಸಲ ಉರುವಲು ಹುಡುಕದೆ. ಬಾಯಲ್ಲಿದ್ದದ್ದನ್ನು ಉಗುಳಬೇಕೆನ್ನಿಸಿ ಸುತ್ತ ನೋಡಿದ. ನೆಲ ಹೊಳೆಯುತ್ತಿತ್ತು, ಮೇಜು ಒರೆಸಿತ್ತು, ಹೊಸ ಬಿಳಿ ಚೀಲಗಳು ಸಾಲಾಗಿ ಬಾಯಿ ತೆರೆದು ಕಾದಿದ್ದವು. ಇಲ್ಲಿ ಒಂದು ಹನಿ ಎಂಜಲು ಬಿದ್ದರೂ ಎಲ್ಲವನ್ನೂ ಸುಡಬೇಕು.

"ಸಿಹಿ ಇದ್ಯೇನೋ?" ಎಂದಳು ಅಕ್ಕ.

ಅವನು ತಲೆಯಾಡಿಸಿದ. ನುಂಗಿದ.